ಸ್ಥಿರಪುಟಗಳ ಜಾಲತಾಣದ ನಿರ್ಮಾಣದಲ್ಲಿ ಒದಗುವ ತೊಡಕುಗಳು: ಕೋಲಾರ ಸೀಮೆಯ ಶಾಸನಪುಟಗಳ ನಿದರ್ಶನದೊಡನೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಶಾಸನಪಾಠಗಳು ವಿದ್ವಜ್ಜನರಿಗೆ ಒಂದೆಡೆಯಲ್ಲಿ ದೊರೆತದ್ದು 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಿಂದ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಆ ಸಂಪುಟದಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನಿಂದ ತೆಗೆದ ಎರಡಕ್ಷರದ ಗುರುತೂ ಒಂದು ಕ್ರಮಸಂಖ್ಯೆಯೂ ಇವೆ. ಗಂಗರು, ನೊಳಂಬರು, ಚೋಳರು ಮೊದಲಾದವರ ವಿಷಯವಾಗಿ ಬರೆಯುವವರು ಅಂದಿನಿಂದಲೂ ಈ ಗುರುತು ಸಂಖ್ಯೆಗಳನ್ನೇ ಆಧಾರವಾಗಿ ಕೊಡುತ್ತ ಬಂದಿದ್ದಾರೆ. ಈಗ ಈ ಸೀಮೆಯ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಕೆಲವರು ತಮ್ಮ ಊರಿನ ಶಾಸನಗಳಿಗೆ ಒಂದೊಂದು ಪುಟವನ್ನು ಮೀಸಲಿಟ್ಟು, ಕಲ್ಲಿನ ಇಂದಿನ ಸ್ಥಿತಿಯನ್ನು ಕುರಿತ ಟಿಪ್ಪಣಿಗಳನ್ನು ತೇದಿಯೊಡನೆ ಸೇರಿಸುತ್ತ ಹೋಗುವ ಜಾಲತಾಣಗಳನ್ನು ಕಟ್ಟಲು ತೊಡಗಿದ್ದಾರೆ. ಅವರು ಹೆಚ್ಚಾಗಿ ಆರಿಸಿಕೊಳ್ಳುವುದು ಸ್ಥಿರಪುಟಗಳ ಪದ್ಧತಿಯನ್ನು. ಆ ಪದ್ಧತಿಯಲ್ಲಿ ಒದಗುವ ತೊಡಕುಗಳಾವುವು, ಅವುಗಳ ಮೂಲವನ್ನು ಹುಡುಕುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲೇ ಹೇಳತಕ್ಕ ಮಾತೊಂದುಂಟು. ಕೆಲಸವನ್ನು ನಿಲ್ಲಿಸಿ, ಪರದೆಯ ಮೇಲೆ ಕೆಂಪಕ್ಷರಗಳಲ್ಲಿ ಕೂಗಿ ಹೇಳುವ ದೋಷಗಳಿಂದ ಹೆಚ್ಚಿನ ಕೇಡಿಲ್ಲ. ಅವನ್ನು ಕಂಡವರು ತಿದ್ದಿಯೇ ತೀರುತ್ತಾರೆ. ಯಾವ ಸದ್ದನ್ನೂ ಮಾಡದೆ ಶಾಸನದ ಸಂಖ್ಯೆಯನ್ನೋ ಸಾಲನ್ನೋ ಊರಿನ ಹೆಸರನ್ನೋ ಬದಲಾಯಿಸಿ, ಪುಟವನ್ನು ಅಂದವಾಗಿಯೇ ತೋರಿಸುವ ದೋಷಗಳಿಗೆ ನಾವು ಅಂಜಬೇಕು. ಅಂತಹ ಪುಟವನ್ನು ನಂಬಿ ಒಬ್ಬ ಸಂಶೋಧಕನು ಅಡಿಟಿಪ್ಪಣಿ ಬರೆದನೆಂದರೆ ತಪ್ಪು ಮುದ್ರಿತ ಗ್ರಂಥಕ್ಕೂ ಹರಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಸದ್ದಿಲ್ಲದ ದೋಷಗಳಿಗೆ ಹೆಚ್ಚು ಎಡೆಯನ್ನು ಕೊಟ್ಟಿದ್ದೇವೆ.

ಸ್ಥಿರಪುಟಗಳ ಪದ್ಧತಿಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯ. ಸಾಮಾನ್ಯವಾದ ಜಾಲತಾಣಗಳಲ್ಲಿ ವಾಚಕನು ಪುಟವನ್ನು ಕೇಳಿದಾಗಲೆಲ್ಲ ಸರ್ವರ್ ಯಂತ್ರವು ದತ್ತಸಂಚಯವನ್ನು ತೆರೆದು, ಬೇಕಾದುದನ್ನು ಆಯ್ದು, ಆಗಿಂದಾಗಲೇ ಪುಟವನ್ನು ಕಟ್ಟಿ ಒಪ್ಪಿಸುತ್ತದೆ. ಸ್ಥಿರಪುಟಗಳ ಪದ್ಧತಿಯಲ್ಲಾದರೋ ಬರಹವೆಲ್ಲವೂ ಸರಳವಾದ ಪಠ್ಯಕಡತಗಳಲ್ಲಿರುತ್ತದೆ. ನಿರ್ಮಾಣ ತಂತ್ರಾಂಶವೊಂದು ಆ ಕಡತಗಳನ್ನು ಓದಿ, ಪುಟದ ವಿನ್ಯಾಸಕ್ಕೆ ಹೊಂದಿಸಿ, ತಾಣದ ಪುಟಗಳೆಲ್ಲವನ್ನೂ ಒಮ್ಮೆಗೇ ಸಿದ್ಧಪಡಿಸಿ ಒಂದು ಫೋಲ್ಡರಿನಲ್ಲಿಡುತ್ತದೆ. ಅಲ್ಲಿಂದಾಚೆಗೆ ಸರ್ವರಿನ ಕೆಲಸ, ಕೇಳಿದ ಪುಟವನ್ನು ತೆಗೆದುಕೊಡುವುದು ಮಾತ್ರ. ಮುದ್ರಣಾಲಯಕ್ಕೂ ಕೈಬರಹದ ಲಿಪಿಕಾರನಿಗೂ ಇರುವ ಭೇದವೇ ಇಲ್ಲಿಯೂ ಇದೆ ಎನ್ನಬಹುದು. 2008ರಲ್ಲಿ ಹೊರಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಇಂತಹ ತಂತ್ರಾಂಶಗಳಲ್ಲಿ ಪ್ರಸಿದ್ಧವಾದವು. ದತ್ತಸಂಚಯದ ಆರೈಕೆಯಿಲ್ಲ, ವೆಚ್ಚವಿಲ್ಲವೆನ್ನುವಷ್ಟು ಕಡಮೆ, ಮೂಲಬರಹವು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವಂತಹುದು. ತಾಂತ್ರಿಕ ಸಿಬ್ಬಂದಿಯಿಲ್ಲದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಇದಕ್ಕಿಂತ ಒಪ್ಪುವ ಪದ್ಧತಿಯಿಲ್ಲವೆಂದೇ ನಮ್ಮ ಅಭಿಪ್ರಾಯ.

ಈ ಪದ್ಧತಿಯಲ್ಲಿ ಬರಹವು ಮೂರು ನೆಲೆಗಳಲ್ಲಿ ಇರುತ್ತದೆ: ನಾವು ಬರೆದ ಮೂಲಕಡತ, ತಂತ್ರಾಂಶವು ಕಟ್ಟಿದ ಪುಟ, ಸರ್ವರಿನಿಂದ ವಾಚಕನ ಬ್ರೌಸರಿಗೆ ಬಂದ ಪುಟ. ಏನಾದರೂ ಕೆಟ್ಟಿತೆಂದು ತೋರಿದಾಗ ಮೊದಲು ನಡುವಣ ನೆಲೆಯನ್ನು, ಎಂದರೆ ಕಟ್ಟಿದ ಪುಟಗಳಿರುವ ಫೋಲ್ಡರನ್ನು, ತೆರೆದು ನೋಡಬೇಕು. ಅಲ್ಲಿ ಪುಟವೇ ಇಲ್ಲವೆಂದರೆ, ಅಥವಾ ಇದ್ದರೂ ಅದರ ಪಾಠ ಕೆಟ್ಟಿದ್ದರೆ, ದೋಷವು ಮೂಲಕಡತದಲ್ಲಿ ಇಲ್ಲವೆ ಅದನ್ನು ತಂತ್ರಾಂಶವು ಅರ್ಥಮಾಡಿಕೊಂಡ ಬಗೆಯಲ್ಲಿ ಇದೆ. ಅಲ್ಲಿ ಎಲ್ಲವೂ ಸರಿಯಾಗಿದ್ದು ಜಾಲದಲ್ಲಿ ಮಾತ್ರ ಕೆಟ್ಟಿದ್ದರೆ ದೋಷವು ವಿಳಾಸದಲ್ಲಿ, ಕಡತದ ಹೆಸರಿನಲ್ಲಿ, ಅಥವಾ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿಯಲ್ಲಿದೆ. ಇಷ್ಟನ್ನು ನಿಶ್ಚಯಿಸದೆ ಒಂದಾದಮೇಲೊಂದರಂತೆ ಎಲ್ಲವನ್ನೂ ಬದಲಾಯಿಸುತ್ತ ಹೋಗುವವರು ಇದ್ದ ಒಂದು ದೋಷಕ್ಕೆ ಮೂರನ್ನು ಸೇರಿಸಿಕೊಳ್ಳುತ್ತಾರೆ.

ಮೂಲಕಡತದ ಆರಂಭದಲ್ಲಿ ಮೂರು ಮೂರು ಕಿರುಗೆರೆಗಳ ನಡುವೆ ಶೀರ್ಷಿಕೆ, ತೇದಿ, ಊರು ಮೊದಲಾದ ವಿವರಗಳನ್ನು ಕೊಡುವುದು ವಾಡಿಕೆ. ಇದನ್ನು ಶಿರೋಭಾಗವೆಂದು ಕರೆಯೋಣ. ಶಿರೋಭಾಗದ ಬರವಣಿಗೆಗೆ ಯಾಮಲ್ ಎಂಬ ನಿಯಮಬದ್ಧವಾದ ರೂಪವುಂಟು. ‘ಆವನಿ: ರಾಮಲಿಂಗೇಶ್ವರ ದೇವಾಲಯದ ಶಾಸನ’ ಎಂಬ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆದರೆ ನಡುವಣ ವಿವರಣ ಚಿಹ್ನೆಯು ಯಂತ್ರವನ್ನು ದಾರಿ ತಪ್ಪಿಸುತ್ತದೆ. ಆ ಚಿಹ್ನೆಗೆ ಅಲ್ಲಿ ಬೇರೊಂದು ಕೆಲಸ ಗೊತ್ತಾಗಿರುವುದೇ ಇದಕ್ಕೆ ಕಾರಣ. ಸಾಲಿನ ಮೊದಲಲ್ಲಿ ಟ್ಯಾಬ್ ಕೀಲಿಯನ್ನು ಒತ್ತಿದರೂ ಅದೇ ಗತಿ. ವರ್ಡ್ ಮೊದಲಾದವುಗಳಿಂದ ನಕಲುಮಾಡಿ ತಂದ ಬಾಗಿದ ಉದ್ಧರಣ ಚಿಹ್ನೆಗಳನ್ನು ಯಂತ್ರವು ಉದ್ಧರಣ ಚಿಹ್ನೆಗಳೆಂದು ಎಣಿಸುವುದಿಲ್ಲ. ನೇರ ಚಿಹ್ನೆಗಳನ್ನೇ ಬಳಸಬೇಕು. ಇವು ಸದ್ದುಮಾಡುವ ದೋಷಗಳು. ಆದರೆ ಜೆಕಿಲ್ ತಂತ್ರಾಂಶವು ಇಂತಹ ಕಡೆ ಎಚ್ಚರಿಕೆಯ ಒಂದು ಸಾಲನ್ನು ತೋರಿಸಿ ಮುಂದುವರಿಯುತ್ತದೆಯೇ ಹೊರತು ತಾನಾಗಿ ನಿಲ್ಲುವುದಿಲ್ಲ. ಶಿರೋಭಾಗವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂಬ ಆಯ್ಕೆಯೊಂದು ಅದರ ಸಂರಚನಾ ಕಡತದಲ್ಲಿ ಉಂಟು. ಅದನ್ನು ಮೊದಲ ದಿನವೇ ಜಾರಿಗೆ ತಂದು, ಮೌನವಾಗಿ ಹೋಗುವ ದೋಷವನ್ನು ಕೂಗುವಂತೆ ಮಾಡುವುದು ಲೇಸು.

ಇನ್ನು ತೇದಿಯ ವಿಷಯ. ಮುಂದಿನ ತೇದಿಯನ್ನು ಹೊತ್ತ ಟಿಪ್ಪಣಿಗಳನ್ನು ಜೆಕಿಲ್ ಮತ್ತು ಹ್ಯೂಗೋ ಎರಡೂ ರೂಢಿಯಂತೆ ಪ್ರಕಟಿಸುವುದಿಲ್ಲ. ಇದು ಯುಕ್ತವಾದ ನಿಯಮವೇ. ಆದರೆ ನಮ್ಮ ದೇಶದ ಗಡಿಯಾರವು ಜಾಗತಿಕ ಮೂಲಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ತಾಣವನ್ನು ಕಟ್ಟಿಕೊಡುವ ದೂರದ ಯಂತ್ರಗಳಾದರೋ ಸಾಮಾನ್ಯವಾಗಿ ಮೂಲಕಾಲವನ್ನೇ ಅನುಸರಿಸುತ್ತವೆ. ಮಾಲೂರಿನ ವಿದ್ಯಾರ್ಥಿಯೊಬ್ಬನು ಬೆಳಗ್ಗೆ 9 ಗಂಟೆಗೆ ಟಿಪ್ಪಣಿಯನ್ನು ಬರೆದು ವೇಳೆಯನ್ನು 9 ಎಂದಷ್ಟೇ ನಮೂದಿಸಿದರೆ ದೂರದ ಯಂತ್ರಕ್ಕೆ ಅದು ನಮ್ಮ ಮಧ್ಯಾಹ್ನದ 2 ಗಂಟೆ 30 ನಿಮಿಷವಾಗಿ ತೋರುತ್ತದೆ. ಆತನ ಸ್ವಂತ ಕಂಪ್ಯೂಟರಿನಲ್ಲಿ ಪುಟ ಕಾಣಿಸುತ್ತದೆ, ಜಾಲದಲ್ಲಿ ಕಾಣಿಸುವುದಿಲ್ಲ. ಮಧ್ಯಾಹ್ನದ ಮೇಲೆ ಬೇರಾವುದೋ ಕಾರಣಕ್ಕೆ ತಾಣವನ್ನು ಮತ್ತೆ ಕಟ್ಟಿದಾಗ ಪುಟವು ತಾನಾಗಿಯೇ ಬಂದುಬಿಡುತ್ತದೆ, ಕಾರಣ ಮಾತ್ರ ಎಂದಿಗೂ ತಿಳಿಯದೆ ಹೋಗುತ್ತದೆ. ವೇಳೆಯ ಮುಂದೆ +05:30 ಎಂಬ ಅಂತರವನ್ನು ಬರೆದರೆ ಈ ತೊಡಕು ತೀರುತ್ತದೆ.

ತೇದಿಯಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಜೆಕಿಲ್ ತಂತ್ರಾಂಶವು ಟಿಪ್ಪಣಿಯ ಕಡತದ ಹೆಸರು ವರ್ಷ, ತಿಂಗಳು, ದಿನಗಳ ಅಂಕಿಗಳಿಂದಲೇ ಮೊದಲಾಗಬೇಕೆಂದು ಬಯಸುತ್ತದೆ. ಭಾಷಾಭಿಮಾನದಿಂದ ಅಲ್ಲಿ ೨೦೨೫ ಎಂದು ಕನ್ನಡ ಅಂಕಿಗಳನ್ನು ಬರೆದರೆ ಅದು ಅವನ್ನು ಅಂಕಿಗಳೆಂದೇ ಗುರುತಿಸದೆ, ಎಚ್ಚರಿಕೆಯ ಮಾತನ್ನೂ ಹೇಳದೆ, ಆ ಕಡತವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಕನ್ನಡ ಅಂಕಿಗಳು ವಾಚಕನಿಗೆ ಕಾಣುವ ಪಠ್ಯದಲ್ಲಿ ಧಾರಾಳವಾಗಿ ಇರಲಿ. ಯಂತ್ರವು ಓದತಕ್ಕ ಸ್ಥಳಗಳಲ್ಲಿ 0ಯಿಂದ 9ರವರೆಗಿನ ರೂಪಗಳೇ ಇರಬೇಕು. ಶಾಸನದ ಕಾಲವನ್ನು ಟಿಪ್ಪಣಿಯ ತೇದಿಯಿರುವ ಜಾಗದಲ್ಲಿ ಬರೆಯಲಾಗದೆಂಬುದನ್ನೂ ಇಲ್ಲಿಯೇ ಸೂಚಿಸಬಹುದು. ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ಶಿರೋಭಾಗದಲ್ಲಿ ಬೇರೆ ಬೇರೆ ಅಂಕಣಗಳನ್ನು ಕಲ್ಪಿಸಿಕೊಳ್ಳಬೇಕು.

ಶಾಸನದ ಕ್ರಮಸಂಖ್ಯೆಯ ವಿಷಯದಲ್ಲಿ ಒಂದು ತೊಡಕಿನಿಂದ ಇನ್ನೊಂದು ಹುಟ್ಟುವ ಬಗೆ ಗಮನಾರ್ಹವಾಗಿದೆ. ಸಂಖ್ಯೆಗಳನ್ನು ಬರಿಯ ಅಕ್ಷರಗಳೆಂದು ಭಾವಿಸಿ ಜೋಡಿಸುವ ಯಂತ್ರವು 10ನ್ನು 2ಕ್ಕಿಂತ ಮೊದಲು ಇಡುತ್ತದೆ. ಇದನ್ನು ಕಂಡವರು ಸಹಜವಾಗಿ 002, 010 ಎಂದು ಮುಂದೆ ಸೊನ್ನೆಗಳನ್ನು ಸೇರಿಸುತ್ತಾರೆ. ಪಟ್ಟಿಯ ಕ್ರಮವೇನೋ ಸರಿಹೋಗುತ್ತದೆ. ಆದರೆ ಯಾಮಲಿನ ಹಳೆಯ ನಿಯಮದಂತೆ, ಸೊನ್ನೆಯಿಂದ ಮೊದಲಾಗುವ ಸಂಖ್ಯೆಯನ್ನು ಹತ್ತರ ಬದಲು ಎಂಟರ ಗುಂಪುಗಳಲ್ಲಿ ಎಣಿಸತಕ್ಕದ್ದು. ಜೆಕಿಲ್ ಆಧರಿಸಿರುವ ರೂಬಿ ಭಾಷೆಯ ಯಾಮಲ್ ಓದುಗವು ಈ ನಿಯಮವನ್ನು ಪಾಲಿಸುತ್ತದೆ. ಆದಕಾರಣ ಮುಳಬಾಗಿಲು ತಾಲ್ಲೂಕಿನ 012ನೆಯ ಶಾಸನವು ಪುಟದಲ್ಲಿ 10ನೆಯದಾಗಿ ಅಚ್ಚಾಗುತ್ತದೆ. 010ನೆಯದು 8 ಆಗುತ್ತದೆ. ಎಂಟು ಮತ್ತು ಒಂಬತ್ತು ಎಂಬ ಅಂಕಿಗಳು ಎಂಟರ ಗಣನೆಯಲ್ಲಿ ಇಲ್ಲವಾದ್ದರಿಂದ 008, 009 ಇವು ಹೀಗೆ ಕೆಳಗಿಳಿಯದೆ ಉಳಿದುಕೊಳ್ಳುತ್ತವೆ. ಹೀಗಾಗಿ ದೋಷವು ಕೆಲವು ಪುಟಗಳಲ್ಲಿ ಮಾತ್ರ ಕಾಣಿಸಿಕೊಂಡು ಸಂಶಯಕ್ಕೂ ಎಡೆಗೊಡದೆ ಹೋಗಬಹುದು. ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳೊಳಗೆ ಇಡುವುದು, ಇಲ್ಲವೆ ಸೊನ್ನೆಗಳಿಲ್ಲದೆ ಬರೆದು ಸಂಖ್ಯಾಕ್ರಮದಲ್ಲೇ ಜೋಡಿಸುವಂತೆ ವಿನ್ಯಾಸದಲ್ಲಿ ಆದೇಶಿಸುವುದು ಇದಕ್ಕೆ ಪರಿಹಾರ. ‘ಮುಳಬಾಗಿಲು #12’ ಎಂದು ಶೀರ್ಷಿಕೆ ಕೊಟ್ಟರೂ ಆಪತ್ತೇ: ತೆರಪಿನ ಮುಂದೆ ಬಂದ ಆ ಚಿಹ್ನೆಯಿಂದಾಚೆಗಿನದೆಲ್ಲ ಬರೆದವನ ಸ್ವಂತ ಟಿಪ್ಪಣಿಯೆಂದು ಯಂತ್ರವು ತಳ್ಳಿಹಾಕುವುದರಿಂದ ಬರಿಯ ‘ಮುಳಬಾಗಿಲು’ ಉಳಿಯುತ್ತದೆ.

ಶಾಸನಪಾಠಕ್ಕೆ ಒದಗುವ ಅಪಾಯ ಇದಕ್ಕಿಂತ ದೊಡ್ಡದು. ಸ್ಥಿರಪುಟಗಳ ಪದ್ಧತಿಯಲ್ಲಿ ಬರಹವನ್ನು ಮಾರ್ಕ್‌ಡೌನ್ ಎಂಬ ಸುಲಭವಾದ ಸಂಕೇತಗಳಲ್ಲಿ ಬರೆಯುತ್ತಾರೆ. ಗದ್ಯಲೇಖನಕ್ಕೆ ಅದು ಬಹು ಅನುಕೂಲವಾದುದು. ಆದರೆ ಶಾಸನ ಸಂಪಾದಕರು ಬಹುಕಾಲದಿಂದ ಬಳಸುತ್ತ ಬಂದಿರುವ ಚಿಹ್ನೆಗಳಿಗೂ ಮಾರ್ಕ್‌ಡೌನಿನ ಚಿಹ್ನೆಗಳಿಗೂ ಹೊಂದಿಕೆಯಿಲ್ಲ. ಒಂದು ಶಾಸನದ 3 ಮತ್ತು 4ನೆಯ ಸಾಲುಗಳು ಸವೆದುಹೋಗಿವೆ ಎಂದಿಟ್ಟುಕೊಳ್ಳೋಣ. ಸಂಪಾದಕನು 1, 2, 5, 6 ಎಂದು ಸಂಖ್ಯೆಯ ಮುಂದೆ ಚುಕ್ಕೆಯಿಟ್ಟು ಸಾಲುಗಳನ್ನು ಬರೆಯುತ್ತಾನೆ. ಮಾರ್ಕ್‌ಡೌನ್ ಇದನ್ನು ಒಂದು ಪಟ್ಟಿಯೆಂದು ತಿಳಿದು, ಮೊದಲ ಸಂಖ್ಯೆಯನ್ನು ಬಿಟ್ಟು ಉಳಿದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, 1, 2, 3, 4 ಎಂದು ಹೊಸದಾಗಿ ಎಣಿಸುತ್ತದೆ. ಕಲ್ಲಿನಲ್ಲಿ ನಾಶವಾದ ಎರಡು ಸಾಲುಗಳ ಸುಳಿವೇ ಪುಟದಿಂದ ಅಳಿಸಿಹೋಗುತ್ತದೆ. ಶಾಸನವು ಅಖಂಡವಾಗಿದೆಯೆಂಬ ಭ್ರಾಂತಿ ಉಂಟಾಗುತ್ತದೆ. ಸಂಖ್ಯೆಗಳನ್ನು ಬಿಟ್ಟು ಸಾಲುಗಳನ್ನಷ್ಟೇ ಒಂದರ ಕೆಳಗೊಂದು ಬರೆದರೆ ಅವೆಲ್ಲವೂ ಕೂಡಿ ಒಂದೇ ಗದ್ಯಖಂಡವಾಗುತ್ತವೆ.

ಸಂದಿಗ್ಧವಾದ ಅಕ್ಷರವನ್ನು ಚೌಕ ಕಂಸದಲ್ಲಿಯೂ ತಿದ್ದಿದ ರೂಪವನ್ನು ಅದರ ಪಕ್ಕದ ದುಂಡು ಕಂಸದಲ್ಲಿಯೂ ತೋರಿಸುವವರುಂಟು. ಮಾರ್ಕ್‌ಡೌನಿನಲ್ಲಿ ಚೌಕ ಕಂಸದ ಬೆನ್ನಿಗೆ ದುಂಡು ಕಂಸ ಬಂದರೆ ಅದು ಬೇರೊಂದು ಪುಟಕ್ಕೆ ಕೊಂಡಿ! ತಿದ್ದಿದ ಪಾಠವು ಕಣ್ಣಿಗೆ ಕಾಣದ ವಿಳಾಸವಾಗಿ ಮಾಯವಾಗುತ್ತದೆ. ಲುಪ್ತಾಕ್ಷರಗಳನ್ನು ಸೂಚಿಸುವ ನಕ್ಷತ್ರ ಚಿಹ್ನೆಗಳು ಮುಂದಿನ ಅಕ್ಷರಗಳನ್ನು ದಪ್ಪವಾಗಿಸಿ ತಾವು ಅದೃಶ್ಯವಾಗುತ್ತವೆ. ಇನ್ನು ಪದ್ಯಾಂತದ ದಂಡ. ಕೀಲಿಮಣೆಯಲ್ಲಿ ಸುಲಭವಾಗಿ ಸಿಕ್ಕುವ | ಎಂಬ ನೆಟ್ಟಗೆರೆಯನ್ನೇ ದಂಡಕ್ಕೆ ಬದಲಾಗಿ ಬಳಸುವುದು ಎಲ್ಲೆಲ್ಲೂ ಕಾಣುವ ಅಭ್ಯಾಸ. ಜೆಕಿಲ್ ರೂಢಿಯಾಗಿ ಬಳಸುವ ಕ್ರಾಮ್‌ಡೌನ್ ಎಂಬ ಪರಿವರ್ತಕಕ್ಕೆ ಆ ಗೆರೆಯು ಕೋಷ್ಟಕದ ಗುರುತು. ಆದ್ದರಿಂದ ಎರಡು ಸಾಲಿನ ಶ್ಲೋಕವು ಬೆಲೆಪಟ್ಟಿಯಂತೆ ಮನೆಗಳಾಗಿ ಒಡೆದು ನಿಲ್ಲುತ್ತದೆ. ಯುನಿಕೋಡಿನಲ್ಲಿ ದಂಡಕ್ಕೂ ಜೋಡಿದಂಡಕ್ಕೂ ಪ್ರತ್ಯೇಕವಾದ ಸಂಕೇತಗಳಿವೆ (।, ॥). ಅವು ದೇವನಾಗರಿಯ ವಿಭಾಗದಲ್ಲಿದ್ದರೂ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಸಾಧಾರಣವಾಗಿ ಸಲ್ಲುವಂತಹವು, ಅವನ್ನೇ ಬಳಸಬೇಕು.

ಇವುಗಳಲ್ಲಿ ಪ್ರತಿಯೊಂದಕ್ಕೂ ಬಿಡಿ ಬಿಡಿಯಾದ ಉಪಾಯಗಳುಂಟು. ಆದರೂ ಶಾಸನಪಾಠವನ್ನು ಮಾರ್ಕ್‌ಡೌನ್ ಬರಹದೊಳಗೆ ಇಡುವುದೇ ಉಚಿತವಲ್ಲವೆಂದು ನಮಗೆ ತೋರುತ್ತದೆ. ಪ್ರತಿಯೊಂದು ಸಾಲನ್ನೂ ಅದರ ನಿಜವಾದ ಸಂಖ್ಯೆಯೊಡನೆ ಪ್ರತ್ಯೇಕವಾದ ದತ್ತಾಂಶದ ಕಡತದಲ್ಲಿ ನಮೂದಿಸಿ, ಪುಟದ ವಿನ್ಯಾಸವು ಅದನ್ನು ಇದ್ದಂತೆಯೇ ಮುದ್ರಿಸುವಂತೆ ಏರ್ಪಡಿಸಬೇಕು. ಮಾರ್ಕ್‌ಡೌನ್ ನಮ್ಮ ವ್ಯಾಖ್ಯಾನಕ್ಕೆ ಮಾತ್ರ ಇರಲಿ. ಮೊದಲಿಗೆ ಶ್ರಮ ಹೆಚ್ಚಾದರೂ ಪಾಠವನ್ನು ಮುಂದೆ ಬೇರೆ ಯಾವ ತಂತ್ರಾಂಶಕ್ಕೆ ಒಯ್ದರೂ ಅದು ಕೆಡದೆ ಉಳಿಯುತ್ತದೆ.

ಅಕ್ಷರಗಳ ವಿಷಯಕ್ಕೆ ಬರೋಣ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹವು ನಮ್ಮ ಕಾಲೇಜುಗಳಲ್ಲಿ ರಾಶಿರಾಶಿಯಾಗಿ ಇದೆ. ಅಲ್ಲಿ ಕನ್ನಡದ ಅಕ್ಷರಗಳಿಗೆ ಇಂಗ್ಲಿಷಿನ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳನ್ನೇ ಎರವಲಾಗಿ ಬಳಸಿದ್ದುದರಿಂದ, ಆ ಫಾಂಟಿಲ್ಲದ ಬ್ರೌಸರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಪರಿವರ್ತಕಗಳಿಂದ ಅದನ್ನು ಯುನಿಕೋಡಿಗೆ ತರುವಾಗ ಅರ್ಕಾವತ್ತಿನ ಮೇಲೆ ವಿಶೇಷವಾದ ಕಣ್ಣಿರಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ತರುವಾಯ ದಾಖಲಾಗುತ್ತದೆ. ಯುನಿಕೋಡಿನಲ್ಲಿ ರಕಾರವು ಉಚ್ಚಾರಣೆಯಂತೆ ಮೊದಲು ಬರುತ್ತದೆ. ಪರಿವರ್ತಕವು ಇದನ್ನು ಸರಿಯಾಗಿ ತಿರುಗಿಸದಿದ್ದರೆ ‘ವರ್ಷ’, ‘ಕಾರ್ತಿಕ’, ‘ಧರ್ಮ’ ಎಂಬ, ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಪದಗಳೇ ಕೆಡುತ್ತವೆ.

ಯುನಿಕೋಡಿನಲ್ಲಿಯೇ ಬೆರಳಚ್ಚಾದ ಬರಹವೂ ನಿರ್ದೋಷವೆನ್ನುವಂತಿಲ್ಲ. ಕೋಲಾರ ಎಂಬ ಹೆಸರನ್ನೇ ತೆಗೆದುಕೊಳ್ಳಿ. ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಕೋಲಾರವು 5 ಸಂಕೇತಗಳ ಪದ, ಎರಡನೆಯ ರೀತಿಯಲ್ಲಿ 7 ಸಂಕೇತಗಳದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಬೇರೆ ಪದಗಳು. ಊರಿನ ಹೆಸರನ್ನು ಟ್ಯಾಗ್ ಆಗಿ ಕೊಟ್ಟು ಪುಟಗಳನ್ನು ವರ್ಗೀಕರಿಸಿದಾಗ ತಾಣದಲ್ಲಿ ಎರಡು ಕೋಲಾರಗಳು ಹುಟ್ಟಿಕೊಂಡು ಶಾಸನಗಳು ಹಂಚಿಹೋಗುತ್ತವೆ. ‘ಶ್ರೀ’ಯ ದೀರ್ಘವೂ ಹೀಗೆಯೇ ಎರಡಾಗಿ ಒಡೆಯುವುದರಿಂದ ಶ್ರೀನಿವಾಸಪುರಕ್ಕೂ ಈ ಗತಿ ಬರಬಹುದು. ಮಾಲೂರು, ಮುಳಬಾಗಿಲು ಎಂಬ ಹೆಸರುಗಳಲ್ಲಿ ಒಡೆಯತಕ್ಕ ಸ್ವರಚಿಹ್ನೆಗಳಿಲ್ಲ, ಅವು ಸುರಕ್ಷಿತ. ನಾಲ್ಕು ಊರುಗಳಲ್ಲಿ ಎರಡು ಮಾತ್ರ ಕೆಟ್ಟಾಗ ಕಾರಣವು ಹೊಳೆಯುವುದು ಕಷ್ಟವೆಂದೇ ಇದನ್ನು ಇಷ್ಟು ವಿಸ್ತರಿಸಿ ಹೇಳಿದೆವು. ತಾಣವನ್ನು ಕಟ್ಟುವ ಮೊದಲು ಎಲ್ಲ ಕಡತಗಳನ್ನೂ ಯುನಿಕೋಡ್ ಮಾನಕವು ಹೇಳುವ ಸಂಯುಕ್ತ ರೂಪಕ್ಕೆ ಒಮ್ಮೆ ಪರಿವರ್ತಿಸಿಕೊಂಡರೆ ಸಾಕು. ಅಕ್ಷರಗಳ ನಡುವೆ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಕೂಡಿಸುವ ಮತ್ತು ಬಿಡಿಸುವ ಸಂಕೇತಗಳನ್ನು ಈ ಪರಿವರ್ತನೆಯು ಮುಟ್ಟುವುದಿಲ್ಲವಾಗಿ ಟ್ಯಾಗುಗಳಲ್ಲಿ ಅವನ್ನು ಪ್ರತ್ಯೇಕವಾಗಿ ಶೋಧಿಸಬೇಕು.

ಆದರೆ ಮುಳಬಾಗಿಲು, ಮುಳಬಾಗಲು ಎಂಬ ಎರಡು ಬರವಣಿಗೆಗಳನ್ನು ಯಾವ ಯಂತ್ರವೂ ಒಂದುಗೂಡಿಸಲಾರದು. ಗಂಗರ ಬಿರುದಾವಳಿಯಲ್ಲಿ ಬರುವ ಕುವಳಾಲವೇ ಕೋಲಾರವೆಂಬುದು ಯಂತ್ರಕ್ಕೆ ತಿಳಿಯದು. ಊರಿನ ಹೆಸರುಗಳ ಒಂದು ಅಂಗೀಕೃತ ಪಟ್ಟಿಯನ್ನು ಸಂಪಾದಕರೇ ಮೊದಲು ಮಾಡಿಕೊಂಡು, ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ನಿರ್ಮಾಣವು ನಿಲ್ಲುವಂತೆ ಮಾಡುವುದು ಒಳ್ಳೆಯದು.

ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೆ ಯುನಿಕೋಡಿನಲ್ಲಿ ಸ್ಥಾನವಿದೆ. ಎರಡನೆಯದಕ್ಕೆ ಮಾನಕದಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದುಹೋಗಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದುಬಂದಿದೆ. ವಾಚಕನ ಫೋನಿನಲ್ಲಿ ಈ ಅಕ್ಷರಗಳಿರುವ ಫಾಂಟ್ ಇಲ್ಲದಿದ್ದರೆ ಬರಿಯ ಚೌಕ ಕಾಣುತ್ತದೆ. ನೋಟೋದಂತಹ ಮುಕ್ತ ಫಾಂಟನ್ನು ತಾಣದೊಡನೆಯೇ ಕಳುಹಿಸುವುದು ಇದಕ್ಕೆ ಉಪಾಯ. ಕೋಲಾರಮ್ಮನ ದೇವಾಲಯದ ಚೋಳರ ಕಾಲದ ತಮಿಳು ಶಾಸನಗಳನ್ನು ಕೊಡುವಾಗ ಆ ಭಾಗದ ಭಾಷೆ ತಮಿಳೆಂದು ಪುಟದಲ್ಲಿ ಗುರುತಿಸಬೇಕು. ಗ್ರಂಥಲಿಪಿಯ ಅಕ್ಷರಗಳಿದ್ದರೆ ಅವಕ್ಕೆ ಬೇರೆ ಫಾಂಟೇ ಬೇಕು. ಆ ಲಿಪಿಯು ಯುನಿಕೋಡಿಗೆ ಸೇರಿದ್ದು 2014ರಲ್ಲಿ. ಅಕಾರಾದಿಯ ವಿಷಯದಲ್ಲಿ ಒಂದು ಮಾತು: ಯುನಿಕೋಡಿನ ಸಂಕೇತಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೆ, ವಕಾರಕ್ಕಿಂತ ಮೊದಲು ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ತರುವಾಯದ್ದು. ಹೀಗಾಗಿ ‘ಮುಸುಕು’ ಎಂಬ ಪದದ ಅನಂತರ ಬರಬೇಕಾದ ‘ಮುಳಬಾಗಿಲು’ ಯಂತ್ರದ ಪಟ್ಟಿಯಲ್ಲಿ ಅದಕ್ಕಿಂತ ಮೊದಲೇ ಬರುತ್ತದೆ.

ಕಡೆಯದಾಗಿ ಪುಟದ ವಿಳಾಸ. ಶೀರ್ಷಿಕೆಯಿಂದ ವಿಳಾಸವನ್ನು ತಾನಾಗಿ ರಚಿಸುವ ಕೆಲವು ಉಪಕರಣಗಳು ಅಕ್ಷರಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ತೆಗೆದುಹಾಕುತ್ತವೆ. ಯುನಿಕೋಡಿನ ವರ್ಗೀಕರಣದಲ್ಲಿ ನಮ್ಮ ಸ್ವರಚಿಹ್ನೆಗಳು ‘ಅಕ್ಷರ’ಗಳಲ್ಲ, ‘ಚಿಹ್ನೆ’ಗಳು. ಇದರ ಫಲವಾಗಿ ಕೋಲಾರವು ‘ಕಲರ’, ಮುಳಬಾಗಿಲು ‘ಮಳಬಗಲ’, ಶ್ರೀನಿವಾಸಪುರವು ‘ಶರನವಸಪರ’ ಆಗುತ್ತವೆ. ಇದು ವಿನೋದವಾಗಿ ಕಂಡರೂ ಪರಿಣಾಮ ವಿನೋದದ್ದಲ್ಲ. ಮಾಲೂರು ಮತ್ತು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಎರಡೂ ‘ಮಲರ’ ಎಂಬ ಒಂದೇ ವಿಳಾಸಕ್ಕೆ ಬಂದು ನಿಲ್ಲುತ್ತವೆ. ಹಿಂದೆ ಕಟ್ಟಿದ ಪುಟವನ್ನು ಮುಂದೆ ಕಟ್ಟಿದ ಪುಟವು ಅಳಿಸಿಹಾಕುತ್ತದೆ. ಸ್ವರಚಿಹ್ನೆಗಳನ್ನು ಉಳಿಸುವ ಉಪಕರಣವನ್ನು ಬಳಸಿದರೂ ಕನ್ನಡದ ವಿಳಾಸವು ಅಡಿಟಿಪ್ಪಣಿಗೆ ಒಗ್ಗದು. ನಕಲುಮಾಡಿದಾಗ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುವುದರಿಂದ ಶ್ರೀನಿವಾಸಪುರ ಎಂಬ ಒಂದು ಹೆಸರಿಗೇ 108 ಚಿಹ್ನೆಗಳು ಬೇಕಾಗುತ್ತವೆ. ಕನ್ನಡದ ಮೇಲಣ ಪ್ರೀತಿಗೆ ಪುಟದೊಳಗೆ ಬೇಕಾದಷ್ಟು ಸ್ಥಳವಿದೆ. ವಿಳಾಸಕ್ಕೆ ರೈಸ್ ಅವರ ಎರಡಕ್ಷರದ ಗುರುತೂ ಕ್ರಮಸಂಖ್ಯೆಯೂ ರೋಮನ್ ಲಿಪಿಯಲ್ಲಿದ್ದರೆ ಸಾಕು. ಆ ಗುರುತನ್ನು ಎಲ್ಲೆಲ್ಲೂ ಸಣ್ಣಕ್ಷರಗಳಲ್ಲೇ ಬರೆಯುವ ಕಟ್ಟಳೆಯೂ ಇರಬೇಕು. ವಿಂಡೋಸ್ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಎಣಿಸದು, ಲಿನಕ್ಸ್ ಸರ್ವರುಗಳು ಎಣಿಸುತ್ತವೆ. ಮನೆಯಲ್ಲಿ ತೆರೆದ ಪುಟವು ಜಾಲದಲ್ಲಿ ‘ದೊರೆಯಲಿಲ್ಲ’ ಎನ್ನುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಪುಟವು ತೆರೆದರೂ ಅಲಂಕಾರವೆಲ್ಲ ಉದುರಿ ಬರಿಯ ಅಕ್ಷರಗಳು ಮಾತ್ರ ನಿಂತಿವೆಯೆಂದರೆ ತಾಣದ ಮೂಲಮಾರ್ಗದಲ್ಲಿ ತಪ್ಪಿದೆಯೆಂದು ತಿಳಿಯಬೇಕು. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಯೋಜನೆಯ ತಾಣವು ಖಾತೆಯ ವಿಳಾಸದ ಮುಂದೆ ಯೋಜನೆಯ ಹೆಸರಿನ ಉಪಮಾರ್ಗದಲ್ಲಿ ಇರುತ್ತದೆ. ಓರೆಗೆರೆಯಿಂದ ಮೊದಲಾಗುವ ಕೊಂಡಿಗಳು ಆ ಉಪಮಾರ್ಗವನ್ನು ಬಿಟ್ಟು ನೇರವಾಗಿ ಖಾತೆಯ ಮೂಲಕ್ಕೆ ಹೋಗಿ ಅಲ್ಲಿ ಏನನ್ನೂ ಕಾಣದೆ ಹಿಂದಿರುಗುತ್ತವೆ. ಸಂರಚನಾ ಕಡತದಲ್ಲಿ ಉಪಮಾರ್ಗವನ್ನು ನಮೂದಿಸಿ, ವಿನ್ಯಾಸದ ಕೊಂಡಿಗಳೆಲ್ಲವೂ ಅದನ್ನು ಕೂಡಿಸಿಕೊಳ್ಳುವಂತೆ ಬರೆಯಬೇಕು.

ವಿಳಾಸದಲ್ಲಿ ಜಿಲ್ಲೆಯ ಹೆಸರನ್ನು ಸೇರಿಸಬಾರದೆಂಬುದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. ರೈಸ್ ಅವರ ಕೋಲಾರ ಜಿಲ್ಲೆಯ ಸಂಪುಟದಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಅವರು ಬೌರಿಂಗ್‌ಪೇಟೆಯೆಂದು ಕರೆದದ್ದು ಇಂದು ಬಂಗಾರಪೇಟೆ. ಜೆಕಿಲ್ ತಂತ್ರಾಂಶವು ರೂಢಿಯಂತೆ ಟಿಪ್ಪಣಿಯ ವರ್ಗದ ಹೆಸರನ್ನೂ ವಿಳಾಸದಲ್ಲಿ ಸೇರಿಸಿಬಿಡುತ್ತದೆ. ಜಿಲ್ಲೆಯನ್ನು ವರ್ಗವಾಗಿ ಕೊಟ್ಟವರು ನಾಳೆ ಅದನ್ನು ತಿದ್ದಿದ ಕೂಡಲೇ ಹಳೆಯ ವಿಳಾಸಗಳೆಲ್ಲವೂ, ಅವನ್ನು ನಂಬಿ ಬರೆದ ಅಡಿಟಿಪ್ಪಣಿಗಳೊಡನೆ, ಸತ್ತುಹೋಗುತ್ತವೆ. ವಿಳಾಸದ ರೂಪವನ್ನು ಸಂರಚನಾ ಕಡತದಲ್ಲಿ ಮೊದಲೇ ನಿಗದಿಮಾಡಿ ವರ್ಗವನ್ನು ಅದರಿಂದ ತೆಗೆಯಬೇಕು. ಈಗಾಗಲೇ ವಿಳಾಸ ಬದಲಾಗಿದ್ದರೆ ಹಳೆಯ ವಿಳಾಸದಲ್ಲಿ ಹೊಸದಕ್ಕೆ ದಾರಿತೋರುವ ಕಿರುಪುಟವನ್ನು ಇಡಲು ಹ್ಯೂಗೋದಲ್ಲಿ ಸ್ವತಃ ಏರ್ಪಾಡಿದೆ, ಜೆಕಿಲ್‌ಗೆ ಒಂದು ಪ್ಲಗಿನ್ ದೊರೆಯುತ್ತದೆ.

ಪಡಿಯಚ್ಚುಗಳ ಛಾಯಾಚಿತ್ರಗಳ ಗಾತ್ರವನ್ನೂ ಮರೆಯುವಂತಿಲ್ಲ. ಗಿಟ್‌ಹಬ್ ಪೇಜಸ್ ತಾಣವೊಂದಕ್ಕೆ 1 ಗಿಗಾಬೈಟಿನ ಮಿತಿಯನ್ನು ಇಟ್ಟಿದೆ. 5 ಮೆಗಾಬೈಟಿನ ಚಿತ್ರಗಳು ಇನ್ನೂರು ಸೇರಿದರೆ ಆ ಮಿತಿ ಮುಗಿಯಿತು. ಚಿತ್ರಗಳ ಮೂಲಪ್ರತಿಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಎರಡು ಕಡೆ ಕಾಪಿಟ್ಟು, ತಾಣಕ್ಕೆ ಕಿರಿದಾಗಿಸಿದ ಪ್ರತಿಗಳನ್ನು ಮಾತ್ರ ಏರಿಸುವುದು ವಿಹಿತ. ಕಿರಿದಾಗಿಸುವಾಗಲೂ ಅಕ್ಷರಗಳ ತಿರುವುಗಳು ಓದುವಂತಿವೆಯೆ ಎಂಬುದನ್ನು ಫೋನಿನಲ್ಲಿ ತೆರೆದು ನೋಡಬೇಕು.